ಕೌದಿಯಾಗದ ಸೀರೆ

ನವನಗರದಿಂದ ಮಾತಾಡ್ತಿದ್ದೀನಿ. ಈ ಸಂಚಿಕೆ ಬಟ್ಟೆ ಬಗ್ಗೆ. ನಮ್ಮ ಕಡೆ ಮಾತಿನಾಗ ಹೇಳೋದಾದ್ರ, ಅರಬಿ ಬಗ್ಗೆ. ಫ್ಯಾಶನ್ ಅಂದ ಕೂಡಲೇ ಈ ವರ್ಷ ಯಾವ ಬಣ್ಣ ನಡೀತದ, ಮದುವೆಗೆ ಯಾರು ಏನು ಉಟ್ಟಿದ್ರು ಅಂತ ಮಾತು ಶುರುವಾಗುತ್ತದೆ. ನಾನು ಇವತ್ತು ಬಟ್ಟೆಯ ಕೊನೆಯಿಂದ ಶುರು ಮಾಡ್ತೀನಿ. ಉಟ್ಟು, ಒಗೆದು, ಬಣ್ಣ ಹೋಗಿ, ಇನ್ನ ಸಾಕು ಅನಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೆ ಹೋಗಬೇಕು ಅನ್ನೋದನ್ನ ಯಾರು, ಯಾವಾಗ ತೀರ್ಮಾನ ಮಾಡ್ತಾರೆ?

ನಮ್ಮ ಸೆಕ್ಟರ್‌ನಾಗ ಕೌದಿ ಹೊಲಿಯೋ ಒಬ್ಬ ಅಜ್ಜಿ ಇದ್ದಾರೆ. ಹಳೇ ಸೀರೆಗಳ ಗಂಟು ತಗೊಂಡು ಹೋದ್ರೆ ಅವರು ಮೊದಲು ಬಣ್ಣ ನೋಡಲ್ಲ, ಎಲ್ಲಿ ಹರಿದಿದೆ ಅಂತಾನೂ ನೋಡಲ್ಲ. ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿ ನೋಡ್ತಾರೆ. ನೂಲಿನವು ಒಂದು ಕಡೆ, ಜಾರುವಂಥವು ಇನ್ನೊಂದು ಕಡೆ. ನಾನು ಒಯ್ದ ಗಂಟಿನಲ್ಲಿ ಹನ್ನೊಂದು ಸೀರೆ ಇದ್ದವು. ನೂಲಿನ ಕಡೆ ಬಿದ್ದದ್ದು ಮೂರೇ ಮೂರು. ಉಳಿದ ಎಂಟನ್ನ ನನ್ನ ಕಡೆ ಸರಿಸಿ, "ಇವು ಕೌದಿಗೆ ಬರಂಗಿಲ್ಲ ಯವ್ವಾ. ಒಂದರ ಮ್ಯಾಲೊಂದು ಹಾಸಿದ್ರ ಜಾರತಾವ, ಹೊಚ್ಚಿಕೊಂಡ್ರ ಮೈಯೆಲ್ಲಾ ಬೆವರತೈತಿ. ಇವನ್ನೇನು ಮಾಡ್ತಿ ನೀ?" ಅಂದ್ರು.

ಆ ಎಂಟು ಸೀರೆಗಳಲ್ಲಿ ಐದು ಎಲ್ಲೂ ಹರಿದಿರಲಿಲ್ಲ. ಅಲ್ಲಲ್ಲಿ ಎಳೆ ಎದ್ದಿತ್ತು, ಮೇಲಿನ ಮಿಂಚು ಹೋಗಿತ್ತು, ಅಷ್ಟೇ. ಉಡೋಕೆ ಮನಸ್ಸಿಲ್ಲ, ಕೊಟ್ರೆ ತಗೊಳ್ಳೋರಿಲ್ಲ, ಕೌದಿಗೆ ಬರಲ್ಲ, ಒಲೆ ಒರೆಸಬೇಕಂದ್ರೆ ನೀರು ಹೀರಲ್ಲ. ಅಜ್ಜಿಯ ಆ ಪ್ರಶ್ನೆಯನ್ನೇ ಜಗತ್ತಿನ ದೊಡ್ಡ ದೊಡ್ಡ ಬಟ್ಟೆ ಕಂಪನಿಗಳೂ ಈಗ ಕೇಳಿಕೊಳ್ಳುತ್ತಿವೆ. ಅದಕ್ಕೆ ಅವರು ಇಟ್ಟ ಹೆಸರು ಸರ್ಕ್ಯುಲರ್ ಫ್ಯಾಶನ್. ಬಟ್ಟೆ ಹುಟ್ಟಿ, ಬಳಕೆಯಾಗಿ, ಕಸದ ಗುಂಡಿಗೆ ಬೀಳೋ ನೇರ ದಾರಿಯನ್ನ ಬಿಟ್ಟು, ಮತ್ತೆ ಮತ್ತೆ ಬಳಕೆಗೆ ಬರೋ ಹಂಗ ಅದನ್ನ ಮೊದಲೇ ಯೋಚಿಸಿ ಮಾಡೋದು. 'ಮೊದಲೇ' ಅನ್ನೋ ಮಾತನ್ನ ನೆನಪಿಟ್ಟುಕೊಳ್ರಿ.

ಒಂದೆರಡು ಅಂಕಿ ಹೇಳಿಬಿಡ್ತೀನಿ. ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ ಅನ್ನೋ ಸಂಸ್ಥೆ 2017ರಲ್ಲಿ ಒಂದು ವರದಿ ಪ್ರಕಟಿಸಿತು. ಅದರ ಪ್ರಕಾರ, ಬಟ್ಟೆ ಮಾಡೋಕೆ ಬಳಸಿದ ವಸ್ತುವಿನಲ್ಲಿ ಮತ್ತೆ ಹೊಸ ಬಟ್ಟೆಯಾಗಿ ಬರೋದು ಶೇ. 1ಕ್ಕಿಂತ ಕಡಿಮೆ. ಒಂದು ಬಟ್ಟೆಯನ್ನ ಬಿಸಾಕೋ ಮೊದಲು ಎಷ್ಟು ಸಲ ತೊಡ್ತೀವಿ ಅನ್ನೋದು ಹದಿನೈದು ವರ್ಷದಲ್ಲಿ ಶೇ. 36ರಷ್ಟು ಇಳಿದಿದೆ. ಭಾರತದ ಲೆಕ್ಕ ಬೇಕಂದ್ರೆ, ಫ್ಯಾಶನ್ ಫಾರ್ ಗುಡ್ ಸಂಸ್ಥೆಯ 2022ರ ವರದಿ ಇದೆ. ಗಿರಣಿಯ ಚೂರು, ಮನೆಯ ಹಳೇ ಬಟ್ಟೆ, ಹೊರದೇಶದಿಂದ ಬಂದದ್ದು ಎಲ್ಲಾ ಸೇರಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ನಾವು ನೀವು ಉಟ್ಟು ಬಿಟ್ಟದ್ದು.

ಈಗ ನಮ್ಮ ಜಿಲ್ಲೆಗೆ ಬರೋಣ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಭಾಷಣಗಳಲ್ಲಿ ಇವನ್ನ ನಮ್ಮ ಪರಂಪರೆ, ನಮ್ಮ ಹೆಮ್ಮೆ ಅಂತೀವಿ. ಅದು ಸರಿನೇ. ಆದರೆ ಇವತ್ತು ಇವನ್ನ ಒಬ್ಬ ಎಂಜಿನಿಯರ್ ಯಂತ್ರ ಬಿಚ್ಚಿ ನೋಡೋ ಹಂಗ ನೋಡೋಣ. ಇದನ್ನ ಮಾಡಿದವರು ಏನೇನು ಯೋಚನೆ ಮಾಡಿದ್ದರು?

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಉದ್ದಕ್ಕೆ ಹಾಸೋ ಎಳೆಗೆ ಹಾಸು ಅಂತೀವಿ, ಅಡ್ಡ ಹೋಗೋ ಎಳೆಗೆ ಹೊಕ್ಕು. ಹತ್ತಿ-ರೇಷ್ಮೆ ಸೀರೆಯಲ್ಲಿ ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸನ್ನ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸ್ತಾರೆ. ಅದಕ್ಕೆ ಕೊಂಡಿ ಅಂತ ಹೆಸರು. ಅದನ್ನ ಕೈಯಿಂದಲೇ ಮಾಡಬೇಕು. ತುಟ್ಟಿ ರೇಷ್ಮೆಯನ್ನ ಎಲ್ಲಿ ಕಣ್ಣಿಗೆ ಬೀಳುತ್ತದೋ ಅಲ್ಲಿಗಷ್ಟೇ ಬಳಸಿ, ಮೈಗೆ ತಾಗೋ ಕಡೆ ಹತ್ತಿ ಇಟ್ಟಿದ್ದಾರೆ. ಸೀರೆ ಹಳೇದಾದಾಗ ಕೊಂಡಿ ಇರೋ ಜಾಗದಲ್ಲೇ ಕತ್ತರಿಸಿದ್ರೆ ಸೆರಗು ಬೇರೆ, ಒಡಲು ಬೇರೆ. ಸೆರಗು ಮಗಳ ಕುಪ್ಪಸಕ್ಕೋ ಚೀಲಕ್ಕೋ ಬರುತ್ತದೆ. ಒಡಲು ಕೌದಿಗೆ. ದಡಿ ಗಟ್ಟಿ ಇರೋದ್ರಿಂದ ಕೌದಿಯ ಸುತ್ತಲಿನ ಪಟ್ಟಿಗೆ. ಈಗಿನ ಡಿಸೈನ್ ಕಾಲೇಜಿನಲ್ಲಿ ಇದನ್ನ 'ಬಿಚ್ಚೋಕೆ ಬರೋ ಹಂಗ ಮಾಡೋ ವಿನ್ಯಾಸ' ಅಂತ ಕಲಿಸ್ತಾರೆ. ನಮ್ಮ ನೇಕಾರರು ಅದಕ್ಕೆ ಹೆಸರಿಡದೆ ಮಾಡಿದ್ರು.

ಇನ್ನೊಂದು, ಸೀರೆಗೆ ಸೈಜ್ ಇಲ್ಲ. ತೂಕ ಹತ್ತು ಕೆಜಿ ಏರಲಿ, ಇಳೀಲಿ, ಬಾಣಂತನ ಆಗ್ಲಿ, ಅದೇ ಸೀರೆ ನಡೆಯುತ್ತದೆ. ತಾಯಿಯದನ್ನ ಮಗಳು ಉಡಬಹುದು. ಒಂದು ಬಟ್ಟೆ ಮೂಲೆಗೆ ಬೀಳೋಕೆ ಹರಿಯಲೇಬೇಕು ಅಂತಿಲ್ಲ, ಬಿಗಿಯಾದರೂ ಸಾಕು. ಖಣದ ಹಳೇ ಕುಪ್ಪಸದಲ್ಲೂ ಇದೇ ಯೋಚನೆ ಇತ್ತು. ಮುಂದೆ ಗಂಟು ಹಾಕೋ ಕುಪ್ಪಸ ಅದು. ಹುಕ್ ಇಲ್ಲ, ಗುಂಡಿ ಇಲ್ಲ. ಮೈ ತುಂಬಿದ್ರೆ ಗಂಟು ಸಡಿಲ, ಇಳಿದ್ರೆ ಬಿಗಿ. ಖಣವನ್ನ ನೇಯುವಾಗಲೇ ಕುಪ್ಪಸದ ಅಳತೆ ತಲೆಯಲ್ಲಿರುತ್ತಿತ್ತು. ಹಂಗಾಗಿ ಕತ್ತರಿಸುವಾಗ ಹಾಳಾಗೋ ಚೂರು ಕಡಿಮೆ. ಉಳಿದ ತುಂಡು ಕೂಸಿನ ಕುಲಾವಿಗೆ, ಕುಂಚಿಗೆಗೆ ಹೋಗ್ತಿತ್ತು.

ಕಸೂತಿ ನೋಡ್ರಿ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕ್ತಾರೆ. ಗಂಟು ಹಾಕಲ್ಲ. ಒಳಗೂ ಹೊರಗೂ ಒಂದೇ ರೂಪ. ಗಂಟಿಲ್ಲ ಅಂದ್ರೆ ತಿಕ್ಕಿ ಒಗೆಯುವಾಗ ಸಿಕ್ಕಿಹಾಕಿಕೊಂಡು ಕಿತ್ತು ಬರೋದು ಕಡಿಮೆ. ಎರಡೂ ಕಡೆ ಒಂದೇ ಅಂದ್ರೆ ಒಂದು ಕಡೆ ಮಾಸಿದಾಗ ಇನ್ನೊಂದು ಕಡೆ ತಿರುವಿ ಉಡಬಹುದು. ಇನ್ನು ಸೀರೆಗೆ ಫಾಲ್ ಹಚ್ಚಿಸ್ತೀವಲ್ಲ, ಅದು ಯಾಕೆ? ನೆಲಕ್ಕೆ ತಿಕ್ಕಿ ಸವೆಯೋದು ಕೆಳಗಿನ ದಡಿ. ಆ ಸವೆತವನ್ನ ಕೆಲವೇ ರೂಪಾಯಿಯ ಒಂದು ಪಟ್ಟಿ ತನ್ನ ಮೇಲೆ ತಗೊಳ್ಳುತ್ತದೆ. ಅದು ಹರಿದ್ರೆ ಬಿಚ್ಚಿ ಹೊಸದು ಹಚ್ಚಿದ್ರಾಯ್ತು. ಸೈಕಲ್ಲಿನ ಬ್ರೇಕ್ ರಬ್ಬರ್ ಇದ್ದ ಹಂಗ ಅದು. ಬೇಗ ಸವೆಯೋ ಭಾಗವನ್ನ ಗುರುತಿಸು, ಅದನ್ನ ಬದಲಾಯಿಸೋಕೆ ಬರೋ ಹಂಗ ಇಡು. ಬಾಳಿಕೆ ಬರೋ ಯಾವ ವಸ್ತುವಿಗೂ ಇದು ಮೊದಲ ಪಾಠ.

ಟೇಲರ್‌ಗಳೂ ಇದನ್ನ ಬಲ್ಲವರೇ. ನಿಮಗೆ ನೆನಪಿರಬಹುದು, ಬೆಳೆಯೋ ಹುಡುಗಿಯ ಪರಕಾರದ ಕೆಳಗೆ ಎರಡು ಮಡಿಕೆ ಒಳಗೆ ಹಾಕಿ ಹೊಲಿತಿದ್ರು. ಯುಗಾದಿಗೆ ಒಂದು ಬಿಚ್ಚು, ದೀಪಾವಳಿಗೆ ಇನ್ನೊಂದು ಬಿಚ್ಚು. ಅಂಗಿಯ ಕಾಲರ್ ಸವೆದ್ರೆ ಅದನ್ನ ಬಿಚ್ಚಿ, ಒಳಗಿನ ಬದಿ ಮೇಲೆ ಬರೋ ಹಂಗ ತಿರುವಿ ಹೊಲಿದು ಕೊಡ್ತಿದ್ರು. ನಮ್ಮ ಬಡಾವಣೆಯ ಟೇಲರ್ ಒಬ್ಬರನ್ನ ಕೇಳಿದೆ. "ಅಕ್ಕಾರ, ಆಗ ನಾವು ಒಳಗ ಒಂದೊಂದು ಇಂಚು ಅರಬಿ ಬಿಡತಿದ್ವಿ. ಈಗ ರೆಡಿಮೇಡ್ ಬಿಚ್ಚಿ ನೋಡ್ರಿ, ಒಳಗ ಏನೂ ಇರಂಗಿಲ್ಲ. ಬಿಗಿ ಆತು ಅಂತ ತರತಾರ, ನಾ ಎಲ್ಲಿಂದ ತಂದು ಬಿಡ್ಲಿ?" ಅಂದ್ರು. ಕಾರ್ಖಾನೆಯಲ್ಲಿ ಓವರ್‌ಲಾಕ್ ಮಷಿನ್ನು ಹೊಲಿಯುತ್ತಲೇ ಹೆಚ್ಚಿನ ಬಟ್ಟೆಯನ್ನ ಕತ್ತರಿಸಿ ಬಿಡುತ್ತದೆ. ಲಕ್ಷ ಅಂಗಿಗೆ ಲೆಕ್ಕ ಹಾಕಿದ್ರೆ ಅಲ್ಲಿ ಉಳಿಯೋ ಬಟ್ಟೆ ಬಹಳ. ಕಂಪನಿಗೆ ಉಳಿತಾಯ. ಆದರೆ ಆ ಒಂದು ಇಂಚಿನಲ್ಲಿ ಇದ್ದದ್ದು ಆ ಅಂಗಿಯ ಮುಂದಿನ ಎರಡು ವರ್ಷ.

ಇಲ್ಲಿಗೆ ನಿಲ್ಲಿಸಿ ಒಂದು ಮಾತು ಹೇಳಬೇಕು. ಇಲ್ಲಾಂದ್ರೆ ಇದು 'ನಮ್ಮ ಹಿರಿಯರು ಎಷ್ಟು ಜಾಣರು' ಅನ್ನೋ ವಾಟ್ಸಾಪ್ ಮೆಸೇಜ್ ಆಗಿಬಿಡುತ್ತದೆ. ಹಿರಿಯರು ಸೀರೆಯನ್ನ ಕೊನೆ ಎಳೆವರೆಗೂ ಬಳಸಿದ್ದು ಪರಿಸರದ ಪ್ರೀತಿಗಲ್ಲ. ಹೊಸದು ತಗೊಳ್ಳೋಕೆ ದುಡ್ಡಿರಲಿಲ್ಲ. ನಡುವೆ ಹರಿದ ಸೀರೆಯನ್ನ ಎರಡು ತುಂಡು ಮಾಡಿ, ಗಟ್ಟಿ ಇರೋ ತುದಿಗಳನ್ನ ನಡುವಿಗೆ ತಂದು ಕೂಡಿಸಿ ಉಟ್ಟ ಹೆಣ್ಣುಮಗಳಿಗೆ ಅದು ಸಂಭ್ರಮ ಆಗಿರಲಿಲ್ಲ. ಕೌದಿ ಹೊಲಿದ ದಿನಗಟ್ಟಲೆ ದುಡಿಮೆಗೆ ಮನೆಯಲ್ಲಿ ಯಾರೂ ಕೂಲಿ ಕೊಟ್ಟಿಲ್ಲ. ಆ ಬಡತನ ಮತ್ತೆ ಬರಲಿ ಅಂತ ಯಾರೂ ಕೇಳಬಾರದು. ಆದರೆ ಆ ಬಡತನ ನೇಕಾರನಿಗೂ ಟೇಲರ್‌ಗೂ ಒಂದು ಶರತ್ತು ಹಾಕಿತ್ತು: ಈ ಬಟ್ಟೆ ಎರಡನೇ ಸಲ, ಮೂರನೇ ಸಲ ಕೆಲಸಕ್ಕೆ ಬರಬೇಕು. ನಾವು ಬಡತನದ ಜೊತೆಗೆ ಆ ಶರತ್ತನ್ನೂ ಬಿಟ್ಟೆವು.

ಸಿಂಥೆಟಿಕ್ ಸೀರೆಗೂ ನ್ಯಾಯ ಒದಗಿಸಬೇಕು. ಬೆಳಗ್ಗೆ ಒಗೆದು ಹಾಕಿದ್ರೆ ಮಧ್ಯಾಹ್ನಕ್ಕೆ ಒಣಗುತ್ತದೆ. ಇಸ್ತ್ರಿ ಬೇಡ. ಬಣ್ಣ ಬೇಗ ಹೋಗಲ್ಲ. ಹೊಲಕ್ಕೋ, ಕಟ್ಟಡದ ಕೆಲಸಕ್ಕೋ ದಿನಾ ಹೋಗೋ ಹೆಣ್ಮಕ್ಕಳು ಅದನ್ನ ಆರಿಸಿಕೊಂಡ್ರೆ ಅವರಿಗೆ ಕಾರಣ ಇದೆ. ಪಾಲಿಯೆಸ್ಟರ್ ಗಟ್ಟಿ ಇಲ್ಲ ಅಂತಾನೂ ಅಲ್ಲ. ಹತ್ತಿಗಿಂತ ಗಟ್ಟಿ. ಸಮಸ್ಯೆ ಅಲ್ಲೇ ಇರೋದು. ನಾವು ಉಡೋದನ್ನ ಬಿಟ್ಟ ಮೇಲೂ ಅದು ಹೋಗಲ್ಲ. ಗಟಾರದಲ್ಲಿ ಇರುತ್ತದೆ, ಹೊಲದ ಬದುವಿನಲ್ಲಿ ಇರುತ್ತದೆ, ಸುಟ್ಟರೆ ಕರಗಿ ಕರೀ ಹೊಗೆ ಬಿಡುತ್ತದೆ. ಅಂದ್ರ, ಬಾಳಿಕೆ ಒಂದೇ ಸಾಲದು. ಗಟ್ಟಿ ಇರಬೇಕು, ಮತ್ತೆ ಕೊನೆಗೆ ಇನ್ನೊಂದು ಏನಾದ್ರೂ ಆಗೋಕೆ ಬರಬೇಕು. ಕೌದಿ ಆಗಬೇಕು, ಒರೆಸೋ ಅರಬಿ ಆಗಬೇಕು, ಇಲ್ಲ ಮತ್ತೆ ನೂಲಾಗಬೇಕು.

ಮತ್ತೆ ನೂಲಾಗೋದು ಅಂದ್ನಲ್ಲ, ಆ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯೋದು ಹರಿಯಾಣದ ಪಾಣಿಪತ್‌ನಲ್ಲಿ. ದೇಶದ್ದು, ವಿದೇಶದ್ದು ಎಲ್ಲಾ ಹಳೇ ಬಟ್ಟೆ ಅಲ್ಲಿಗೆ ಹೋಗುತ್ತದೆ. ಅಲ್ಲಿ ಮೊದಲು ಹೆಣ್ಮಕ್ಕಳು ಕೂತು ಒಂದೊಂದೇ ಬಟ್ಟೆಯ ಗುಂಡಿ, ಜಿಪ್, ಲೇಬಲ್ ಕಿತ್ತು ಹಾಕ್ತಾರೆ. ಬಣ್ಣದ ಪ್ರಕಾರ ವಿಂಗಡಿಸ್ತಾರೆ. ಆಮೇಲೆ ಮಷಿನ್ನಿಗೆ ಹಾಕಿ ಹಿಂಜಿ ಮತ್ತೆ ನೂಲು ತೆಗೀತಾರೆ. ಹಿಂಜಿದಾಗ ಎಳೆ ತುಂಡಾಗೋದ್ರಿಂದ ಆ ನೂಲು ಮೊದಲಿನಷ್ಟು ಗಟ್ಟಿ ಇರಲ್ಲ. ಅದರಿಂದ ಹೆಚ್ಚಾಗಿ ಕಂಬಳಿ, ಚಾಪೆ, ಒರಟು ಹೊದಿಕೆ ಆಗುತ್ತವೆ. ಹತ್ತಿ, ಪಾಲಿಯೆಸ್ಟರ್ ಎರಡೂ ಒಂದೇ ಎಳೆಯಲ್ಲಿ ಹೆಣೆದಿದ್ರೆ ಅವನ್ನ ಮಷಿನ್ನಿನಿಂದ ಬೇರೆ ಮಾಡೋಕೆ ಆಗಲ್ಲ. ಬೇಳೆ, ಅಕ್ಕಿ ಕೂಡಿದ್ರೆ ಆರಿಸಬಹುದು. ಎರಡನ್ನೂ ಬೀಸಿ ಹಿಟ್ಟು ಮಾಡಿದ ಮೇಲೆ ಏನು ಆರಿಸ್ತೀರಿ? ಇಳಕಲ್ ಸೀರೆಯಲ್ಲಿ ಹತ್ತಿ ಇದೆ, ರೇಷ್ಮೆ ಇದೆ, ಆದರೆ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ಇವತ್ತಿನ ಎಷ್ಟೋ ಬಟ್ಟೆಗಳು ಹಿಟ್ಟಾಗಿ ಹುಟ್ಟಿದಂಥವು.

ಇದನ್ನ ಈಗಿನ ಉಡುಪಿನಲ್ಲಿ ಸರಿ ಮಾಡೋಕೆ ಆಗುತ್ತಾ ಅಂದ್ರೆ, ಆಗುತ್ತದೆ. ಜೀನ್ಸ್ ಪ್ಯಾಂಟಿನ ಉದಾಹರಣೆ ತಗೊಳ್ಳೋಣ. ನಮಗೆ ದೂರದ್ದಲ್ಲ ಅದು, ಬಳ್ಳಾರಿ ಇರೋದೇ ಜೀನ್ಸ್ ಹೊಲಿಗೆಗೆ ಹೆಸರಾಗಿ. 2019ರಲ್ಲಿ, ನಾನು ಮೊದಲು ಹೇಳಿದ ಅದೇ ಫೌಂಡೇಶನ್ನು ಜೀನ್ಸ್ ಮಾಡೋರಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಪ್ಯಾಂಟು ಮನೆಯಲ್ಲಿ ಕನಿಷ್ಠ 30 ಸಲ ಒಗೆದರೂ ತಡೀಬೇಕು. ಬಟ್ಟೆಯ ತೂಕದಲ್ಲಿ ಶೇ. 98ರಷ್ಟು ಹತ್ತಿಯಂಥ ಸಸ್ಯಮೂಲದ ನಾರೇ ಇರಬೇಕು, ಹಿಗ್ಗೋ ಎಳೆ ಹೆಚ್ಚು ಸೇರಿಸಬಾರದು. ಕಿಸೆಯ ಮೂಲೆಯಲ್ಲಿರೋ ಲೋಹದ ಮೊಳೆಗಳನ್ನ ತೆಗೀಬೇಕು, ಇಲ್ಲ ಆದಷ್ಟು ಕಡಿಮೆ ಮಾಡಬೇಕು. ಯಾಕಂದ್ರೆ ಆ ಮೊಳೆ ಕೀಳೋದು ಕಷ್ಟ, ಅದಿರೋ ಭಾಗವನ್ನ ಪೂರ್ತಿ ಕತ್ತರಿಸಿ ಬಿಸಾಕ್ತಾರೆ. ಮೊಳೆ ಬದಲು ಅದೇ ಜಾಗದಲ್ಲಿ ದಟ್ಟವಾಗಿ ನೂಲಿನ ಹೊಲಿಗೆ ಹಾಕಿದ್ರೆ ಕಿಸೆ ನಿಲ್ಲುತ್ತದೆ. ಬೆಲ್ಜಿಯಂನ ರಿಸೋರ್ಟೆಕ್ಸ್ ಅನ್ನೋ ಕಂಪನಿ, ಹೆಚ್ಚಿನ ಕಾವು ಕೊಟ್ಟರೆ ಕರಗೋ ಹೊಲಿಗೆ ದಾರವನ್ನೇ ಮಾಡಿದೆ. ದಾರ ಹೋಯ್ತು ಅಂದ್ರೆ ಗುಂಡಿ, ಜಿಪ್, ಬಟ್ಟೆ ಎಲ್ಲಾ ತಾವೇ ಬೇರೆಯಾಗ್ತವೆ. ಇವೆಲ್ಲಾ ದೊಡ್ಡ ವಿಜ್ಞಾನ ಏನಲ್ಲ, ಪ್ಯಾಂಟು ಕತ್ತರಿಸೋ ಮೊದಲು ಯಾರೋ ಒಬ್ಬರು ಪಾಣಿಪತ್ತಿನ ಆ ಹೆಣ್ಮಗಳನ್ನ ನೆನೆಸಿಕೊಂಡಿದ್ದು ಅಷ್ಟೇ.

ಬಟ್ಟೆಯ ಗುಣವನ್ನ ಹಿಂಗ ಬರೆದಿಟ್ಟು ಪಾಲಿಸೋದು ನಮ್ಮ ಜಿಲ್ಲೆಗೆ ಹೊಸದಲ್ಲ. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯೋದು ನಮ್ಮ ತುಳಸಿಗೇರಿಯಲ್ಲಿ. ಅದು ಹುಬ್ಬಳ್ಳಿಯ ಬೆಂಗೇರಿಯಲ್ಲಿರೋ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಹೋಗಿ ಧ್ವಜ ಆಗುತ್ತದೆ. ಧ್ವಜದ ಬಟ್ಟೆಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡ ಇದೆ. ನೂಲಿನ ಗಟ್ಟಿತನ ಎಷ್ಟು, ಬಿಸಿಲಿಗೆ ಬಣ್ಣ ಎಷ್ಟು ತಡೀಬೇಕು, ಅಳತೆ ಎಷ್ಟು, ಎಲ್ಲಾ ಪರೀಕ್ಷೆ ಆಗುತ್ತದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು, ಪಾಲಿಯೆಸ್ಟರ್ ಧ್ವಜಕ್ಕೂ, ಮಷಿನ್ನಿನಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಆಯ್ತು. ಮನೆ ಮನೆಗೆ ಧ್ವಜ ಅಗ್ಗವಾಗಿ ತಲುಪಲಿ ಅನ್ನೋದು ಒಂದು ವಾದ. ನೇಕಾರರ ಕೆಲಸ ಹೋಗುತ್ತದೆ ಅನ್ನೋದು ಇನ್ನೊಂದು. ಇವೆರಡರ ನಡುವೆ ಮೂರನೇ ಪ್ರಶ್ನೆಯನ್ನ ನಾವು ಕೇಳಲೇ ಇಲ್ಲ: ಆಗಸ್ಟ್ 16ರ ಬೆಳಗ್ಗೆ ಆ ಬಟ್ಟೆ ಏನಾಗಬೇಕು? ಒಂದು ನಿಯಮ ಬದಲಾದಾಗ ಬಟ್ಟೆಯ ಹುಟ್ಟಷ್ಟೇ ಅಲ್ಲ, ಅದರ ಕೊನೆಯೂ ಬದಲಾಗುತ್ತದೆ.

ಈಗ ದುಡ್ಡಿನ ಮಾತಿಗೆ ಬರ್ತೀನಿ. ನಾನು ಬಿ.ಕಾಂ. ಓದಿದವಳು. ನಮಗೆ ಡಿಪ್ರಿಸಿಯೇಶನ್ ಅಂತ ಒಂದು ಪಾಠ ಇತ್ತು, ಕನ್ನಡದಲ್ಲಿ ಅದಕ್ಕೆ ಸವಕಳಿ ಅಂತಾರೆ. ಎಷ್ಟು ಚಂದದ ಪದ ನೋಡ್ರಿ, ಬಟ್ಟೆಗೇ ಹೇಳಿ ಮಾಡಿಸಿದಂಗ ಇದೆ. ಒಂದು ಯಂತ್ರದ ಬೆಲೆಯಿಂದ ಅದರ ಗುಜರಿ ಬೆಲೆ ಕಳೆದು, ಅದು ಎಷ್ಟು ವರ್ಷ ನಡೆಯುತ್ತದೋ ಅಷ್ಟರಿಂದ ಭಾಗಿಸೋದು. ಇದನ್ನೇ ಸೀರೆಗೆ ಹಾಕಿ ನೋಡೋಣ. ಇದು ಲೆಕ್ಕ ತಿಳೀಲಿ ಅಂತ ನಾನೇ ಇಟ್ಟುಕೊಂಡ ಅಂಕಿ, ಸಮೀಕ್ಷೆ ಅಲ್ಲ. 600 ರೂಪಾಯಿಯ ಸಿಂಥೆಟಿಕ್ ಸೀರೆ, 30 ಸಲ ಉಟ್ಟು ಬಿಟ್ಟಿರಿ, ಗುಜರಿ ಬೆಲೆ ಸೊನ್ನೆ. ಒಂದು ಸಲಕ್ಕೆ 20 ರೂಪಾಯಿ. 3,500 ರೂಪಾಯಿಯ ಕೈಮಗ್ಗದ ಸೀರೆ, ತಿಂಗಳಿಗೆ ಎರಡು ಸಲದಂತೆ ಎಂಟು ವರ್ಷ, ಹೆಚ್ಚುಕಡಿಮೆ 200 ಸಲ ಉಟ್ಟಿರಿ. ಕೊನೆಗೆ ಸೆರಗು, ಒಡಲು ಸೇರಿ 300 ರೂಪಾಯಿಯ ಬಟ್ಟೆ ಮನೆಗೆ ಉಳಿಯಿತು. 3,200 ಭಾಗಿಸು 200. ಒಂದು ಸಲಕ್ಕೆ 16 ರೂಪಾಯಿ.

ಅಂದ್ರ ತುಟ್ಟಿ ಸೀರೆ ಅಗ್ಗ ಆಯ್ತು. ಆದರೆ ಈ ಲೆಕ್ಕದಲ್ಲಿ ಎರಡು ತೊಡಕು ಇವೆ. ಮೊದಲನೇದು, ಅದೇ 3,500ರ ಸೀರೆಯನ್ನ ತಿಜೋರಿಯಲ್ಲಿ ಮಡಿಚಿಟ್ಟು ಮದುವೆ, ಸೀಮಂತ ಅಂತ ಹತ್ತೇ ಸಲ ಉಟ್ಟರೆ ಒಂದು ಸಲಕ್ಕೆ 320 ರೂಪಾಯಿ ಬೀಳುತ್ತದೆ. ಬಾಳಿಕೆ ಬರೋದನ್ನ ತಗೊಂಡು ಬಳಸದೇ ಇಡೋದು ಪರಿಸರಕ್ಕೂ ಲಾಭ ಅಲ್ಲ, ನಿಮಗೂ ಅಲ್ಲ. ಹಿನ್ನೀರು ಬಂದು ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಮನೆತನಗಳಿಗೆ ಇದು ಗೊತ್ತು. ಗಂಟು ಕಟ್ಟುವಾಗ ಟ್ರಂಕಿನಲ್ಲಿ ಏನೇನು ಇತ್ತು, ಅದರಲ್ಲಿ ಎಷ್ಟನ್ನ ಉಟ್ಟಿದ್ರು ಅಂತ ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡ್ರಿ.

ಎರಡನೇ ತೊಡಕು ದೊಡ್ಡದು. ಎಂಟು ವರ್ಷದ ಲೆಕ್ಕ ಹಾಕೋದು ಸುಲಭ, 3,500 ರೂಪಾಯಿ ಇವತ್ತು ಕೈಯಲ್ಲಿ ಇರಬೇಕಲ್ಲ? ವಾರದ ಸಂಬಳ ತಗೊಳ್ಳೋ ಹೆಣ್ಮಗಳಿಗೆ 600ರ ಸೀರೆ ಬಿಟ್ಟರೆ ಬೇರೆ ದಾರಿ ಇಲ್ಲ. ಹಿಂಗಾಗಿ ಕಡಿಮೆ ಇದ್ದವರೇ ಉಟ್ಟ ಲೆಕ್ಕದಲ್ಲಿ ಹೆಚ್ಚು ಕೊಡ್ತಾರೆ. 'ಗುಣಮಟ್ಟದ್ದು ತಗೊಳ್ಳಿ, ಕಡಿಮೆ ತಗೊಳ್ಳಿ' ಅಂತ ಪರಿಸರದ ಹೆಸರಲ್ಲಿ ಬುದ್ಧಿ ಹೇಳೋರು ಈ ಜಾಗದಲ್ಲಿ ಸುಮ್ಮನಾಗ್ತಾರೆ. ನಮ್ಮ ಕಡೆ ಇದಕ್ಕೆ ಒಂದು ಉಪಾಯ ಇದೆ. ಹೆಣ್ಮಕ್ಕಳು ಭಿಶಿ ಹಾಕ್ತಾರೆ, ಸೀರೆಗಂತಲೇ ಚೀಟಿ ನಡೆಸೋರೂ ಇದ್ದಾರೆ. ತಿಂಗಳಿಗೆ 300 ಕೊಟ್ಟು, ತಮ್ಮ ಪಾಳಿ ಬಂದಾಗ ಒಂದು ಒಳ್ಳೇ ಸೀರೆ. ಸ್ವಸಹಾಯ ಸಂಘಗಳೂ ನೇಕಾರರ ಸಂಘಗಳೂ ಕೂತು ಮಾತಾಡಿದ್ರೆ ಇದನ್ನ ಕೈಮಗ್ಗದ ಸೀರೆಗೆ ನೇರವಾಗಿ ಜೋಡಿಸಬಹುದು. ನೇಕಾರರಿಗೆ ಮುಂಚಿತ ಆರ್ಡರ್, ಉಡೋರಿಗೆ ಕಂತು.

ಸರ್ಕಾರದ ಪಾಲೂ ಇದೆ. ನಮ್ಮ ರಾಜ್ಯದಲ್ಲಿ ವಿದ್ಯಾ ವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಸಿಗುತ್ತದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ, ಒಂದೇ ಸಲ ಬಟ್ಟೆ ಖರೀದಿಸೋ ಗಿರಾಕಿಗಳು ಕಡಿಮೆ. ಆ ಖರೀದಿಯ ಶರತ್ತಿನಲ್ಲಿ ಬೆಲೆಯ ಜೊತೆಗೆ ಇನ್ನೆರಡು ಸಾಲು ಸೇರಿದ್ರೆ? ಇಂತಿಷ್ಟು ಸಲ ಒಗೆದ ಮೇಲೂ ಬಣ್ಣ ಇರಬೇಕು, ಒಂದು ಮಗುವಿನ ಬಟ್ಟೆಯಲ್ಲಿ ಒಳಗೆ ಎರಡು ಇಂಚು ಮಡಿಚೋಕೆ ಬಟ್ಟೆ ಸಾಲಬೇಕು. ಆರನೇ ಕ್ಲಾಸಿನ ಹುಡುಗಿಯ ಲಂಗ ಏಳನೇ ಕ್ಲಾಸಿಗೂ ನಡೆಯುತ್ತದೆ, ಆಮೇಲೆ ತಂಗಿಗೆ ಹೋಗುತ್ತದೆ. ಹೊರಗಿನ ಉದಾಹರಣೆ ಬೇಕಂದ್ರೆ, ಫ್ರಾನ್ಸಿನಲ್ಲಿ 2023ರ ಕೊನೆಯಲ್ಲಿ, ಬಟ್ಟೆ, ಚಪ್ಪಲಿ ರಿಪೇರಿ ಮಾಡಿಸಿದ್ರೆ 6ರಿಂದ 25 ಯೂರೋವರೆಗೆ ರಿಯಾಯಿತಿ ಕೊಡೋ ಪದ್ಧತಿ ಶುರುವಾಯ್ತು. ಆ ದುಡ್ಡು ಬರೋದು ಬಟ್ಟೆ ಮಾರೋ ಕಂಪನಿಗಳು ಕಟ್ಟೋ ಶುಲ್ಕದಿಂದ. ಯುರೋಪಿನ ಒಕ್ಕೂಟದಲ್ಲಿ 2025ರ ಜನವರಿ 1ರಿಂದ ಹಳೇ ಬಟ್ಟೆಯನ್ನ ಬೇರೆ ಕಸದ ಜೊತೆ ಕೂಡಿಸದೆ ಪ್ರತ್ಯೇಕವಾಗಿ ಸಂಗ್ರಹಿಸಬೇಕು ಅನ್ನೋ ನಿಯಮ ಬಂದಿದೆ. ಅವರು ಸಂಗ್ರಹಿಸೋ ಕೆಲಸವನ್ನ ಎಲ್ಲಾ ಕಡೆ ಕಡ್ಡಾಯ ಮಾಡಿದ್ದು ಈಗ. ನಮ್ಮಲ್ಲಿ ಹಳೇ ಅರಬಿಗೆ ಭಾಂಡೆ ಕೊಡೋರು ಓಣಿ ಓಣಿ ತಿರುಗಿ ಅದನ್ನ ಯಾವತ್ತಿಂದಲೋ ಮಾಡ್ತಾ ಬಂದಿದ್ದಾರೆ. ಅವರಿಗೂ, ಕೌದಿ ಹೊಲಿಯೋರಿಗೂ, ರಫು ಮಾಡೋರಿಗೂ ಈ ವ್ಯವಸ್ಥೆಯಲ್ಲಿ ಒಂದು ಜಾಗ, ಒಂದು ನ್ಯಾಯವಾದ ಕೂಲಿ ಇರಬೇಕು. ಇಲ್ಲಾಂದ್ರೆ ಮರುಬಳಕೆ ಅನ್ನೋದು ಮತ್ತೆ ಬಡವರ ಹೆಗಲ ಮೇಲೇ ಬೀಳುತ್ತದೆ.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗದ ಕೆಲಸಗಾರರು ಇದ್ದಾರೆ. ಬಹುಪಾಲು ಹೆಣ್ಮಕ್ಕಳು. ಕೊಂಡಿ ಹಾಕೋಕೆ ಬರೋ ಕೈ ಒಂದು ತಲೆಮಾರು ಬಿಟ್ಟರೆ ಮತ್ತೆ ಸಿಗಲ್ಲ. ಇಳಕಲ್ ಸೀರೆ ಅಂತ ಹೆಸರಿಟ್ಟು, ಅದೇ ಕೆಂಪು ಸೆರಗು, ಅದೇ ದಡಿ ಇರೋ ಪಾಲಿಯೆಸ್ಟರ್ ಸೀರೆಗಳು ಅಗ್ಗಕ್ಕೆ ಮಾರಾಟ ಆಗ್ತಿವೆ. ಅವು ಇಳಕಲ್ ಸೀರೆಯ ರೂಪವನ್ನ ನಕಲು ಮಾಡಿವೆ, ಅದರ ಯೋಚನೆಯನ್ನ ಬಿಟ್ಟಿವೆ.

ಹಂಗಾರ ನಾವು ಮಾಡೋದೇನು? ಅಂಗಡಿಗೆ ಹೋದಾಗ ಮೂರು ಕೆಲಸ ಮಾಡ್ರಿ ಸಾಕು. ಸೀರೆ ತಗೊಳ್ಳುವಾಗ ಸೆರಗು ಒಡಲು ಕೂಡೋ ಜಾಗವನ್ನ ತಿರುವಿ ನೋಡ್ರಿ, ಕೊಂಡಿ ಎಲ್ಲಿ ಅಂತ ತೋರಿಸೋಕೆ ಹೇಳ್ರಿ, ಹ್ಯಾಂಡ್‌ಲೂಮ್ ಮಾರ್ಕ್ ಇದೆಯಾ ಕೇಳ್ರಿ. ರೆಡಿಮೇಡ್ ತಗೊಳ್ಳುವಾಗ ಒಳಗೆ ತಿರುವಿ ಹೊಲಿಗೆ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡ್ರಿ, ಲೇಬಲ್ ಮೇಲೆ ಯಾವ ನಾರು ಎಷ್ಟೆಷ್ಟು ಅಂತ ಓದ್ರಿ. ಟೇಲರ್ ಹತ್ರ ಹೋದಾಗ, "ಒಳಗ ಒಂದು ಇಂಚು ಅರಬಿ ಬಿಡ್ರಿ" ಅಂತ ಬಾಯಿ ಬಿಟ್ಟು ಹೇಳ್ರಿ. ಕೇಳೋರು ಇದ್ದಾರೆ ಅಂತ ಗೊತ್ತಾದ್ರೆ ಮಾಡೋರು ಮಾಡ್ತಾರೆ.

ನಿಮ್ಮ ಮನೆಯಲ್ಲಿ ಯಾವ ಬಟ್ಟೆ ಎಲ್ಲಕ್ಕಿಂತ ಹೆಚ್ಚು ದಿನ ಬಾಳಿದೆ, ಈಗ ಅದು ಏನಾಗಿದೆ? ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ. ಮುಂದಿನ ಸಲ ಗುಳೇದಗುಡ್ಡಕ್ಕೆ ಹೋಗಿ ಖಣ ನೇಯೋರ ಜೊತೆ ಕೂತು ಮಾತಾಡೋ ಯೋಚನೆ ಇದೆ. ಅಲ್ಲಿವರೆಗೂ, ಬರ್ತೀನ್ರಿ.